ಉಪ್ಪಾಗೆಗೆ ಅಂಟಿದ ಹಳದಿ

ಪಶ್ಚಿಮ ಘಟ್ಟದ ಉಪ್ಪಾಗೆ, ಮುರುಗಲು, ಅರಿಸಿನಗುರಗಿ ಮೂರೂ ಗಾರ್ಸಿನಿಯ ಕುಲದ ನಿತ್ಯಹಸಿರು ಮರಗಳು. ಮೂರಕ್ಕೂ ಎದುರುಬದುರಾಗಿ ಹೊಮ್ಮುವ ನುಣುಪಾದ ಎಲೆ, ತೊಗಟೆ ಗಾಯಗೊಂಡರೆ ಒಸರುವ ಹಳದಿ ಹಾಲು. ಹೂವು ಹಣ್ಣು ಇಲ್ಲದ ಒಣರೆಂಬೆಯನ್ನು ಕೊಟ್ಟರೆ ಪಳಗಿದ ಕಣ್ಣೂ ತಡವರಿಸುತ್ತದೆ. ಹಣ್ಣು ಬಿಟ್ಟಾಗ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ಉಪ್ಪಾಗೆ ಹಣ್ಣಿನ ಮೈತುಂಬ ಉದ್ದುದ್ದ ಆಳವಾದ ಗೀರುಗಳಿರುತ್ತವೆ, ಮುರುಗಲು ನುಣ್ಣಗೆ ಕೆಂಪುನೇರಳೆ, ಅರಿಸಿನಗುರಗಿಯದು ಗೀರಿಲ್ಲದ ಗುಂಡು ಹಣ್ಣು. ಇಷ್ಟು ನಿಚ್ಚಳವಾದ ಭೇದವಿದ್ದೂ ಯುರೋಪಿನ ಸಸ್ಯಶಾಸ್ತ್ರ ಉಪ್ಪಾಗೆಯನ್ನೂ ಅರಿಸಿನಗುರಗಿಯನ್ನೂ ಬೆರೆಸಿಕೊಂಡು ದೀರ್ಘಕಾಲ ಗೊಂದಲದಲ್ಲಿತ್ತು. ದೂರದೇಶದ ಗಿಡಗಳ ಬಗ್ಗೆ ಆಗ ಮಾಹಿತಿ ಸಾಲದಾಗಿತ್ತು ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಆದರೆ ಬೇಕಾದ ಮಾಹಿತಿ ಮೊದಲಿನಿಂದಲೇ ಅಚ್ಚಾಗಿ ಕೈಯಲ್ಲಿತ್ತು. ಮರವನ್ನು ಮರವಾಗಿ ನೋಡದೆ, ಅದರಿಂದ ಬರುತ್ತದೆಂದು ನಂಬಿದ್ದ ಸರಕಿನ ಮೂಲಕ ಗುರುತಿಸಹೊರಟದ್ದೇ ತಪ್ಪಿನ ಬೇರು ಎಂಬುದು ಇಲ್ಲಿನ ವಾದ.

ಆ ಸರಕು ಗ್ಯಾಂಬೋಜ್, ಕಾಂಬೋಡಿಯದಿಂದ ಹೆಸರು ಪಡೆದ ಹಳದಿ ಅಂಟು. 1603ರಲ್ಲಿ ಇದರ ಮಾದರಿಯೊಂದು ಸಸ್ಯವಿಜ್ಞಾನಿ ಕ್ಲೂಸಿಯಸ್‌ನ ಕೈ ಸೇರಿತು. ಮುಂದೆ ಚಿತ್ರಕಾರರು ಇದನ್ನು ಬಣ್ಣವಾಗಿಯೂ ವೈದ್ಯರು ಉಗ್ರ ಭೇದಿಮದ್ದಾಗಿಯೂ ಬಳಸಿದರು. ಅಂಟು ಬಂತು, ಮರ ಬರಲಿಲ್ಲ. ಇನ್ನೊಂದು ಕಡೆ ಡಚ್ಚರ ಮಲಬಾರಿನ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹಾರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂತು. ಅದರ ಹಿಂದೆ ಇಟ್ಟಿ ಅಚ್ಯುತನ್ ಎಂಬ ವೈದ್ಯನ ಅರಿವೂ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರ ಶ್ರಮವೂ ಇತ್ತು. ಮೊದಲ ಸಂಪುಟದಲ್ಲೇ ‘ಕೊಡಂಪುಳಿ’ ಎಂಬ ಹೆಸರಿನಲ್ಲಿ ಗೀರುಹಣ್ಣಿನ ಉಪ್ಪಾಗೆಯ ಚಿತ್ರವಿದೆ. ಹೆಸರೇ ಅದನ್ನು ಹುಳಿ ಎಂದು ಕರೆಯುತ್ತದೆ, ಬಣ್ಣವೆಂದಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಚಿತ್ರವನ್ನು ಆಧಾರವಾಗಿಟ್ಟುಕೊಂಡ. ಹೆಸರಿಡುವಾಗ ಮಾತ್ರ ಮರಕ್ಕೆ ಗ್ಯಾಂಬೋಜನ್ನು ಅಂಟಿಸಿ ‘ಕ್ಯಾಂಬೋಜಿಯ’ ಎಂದ. ಚಿತ್ರ ಒಂದು ಮರದ್ದು, ಹೆಸರು ಇನ್ನೊಂದು ಮರದ ಹಾಲಿನದು.

ಹಾಗೆಂದು ಲಿನೇಯಸ್‌ನ ಊಹೆ ಪೂರ್ತಿ ನಿರಾಧಾರವಾಗಿರಲಿಲ್ಲ. ಉಪ್ಪಾಗೆಯ ಹಾಲೂ ಹಳದಿಯೇ. ಆದರೆ ನೀರಿನಲ್ಲಿ ಕದಡಿದಾಗ ನಿಜವಾದ ಗ್ಯಾಂಬೋಜ್ ಒಂದೇ ಸಮನೆ ಹರಡಿ ಹಳದಿ ಹಾಲಾಗುತ್ತದೆ, ಉಪ್ಪಾಗೆಯ ರಾಳ ಹಾಗೆ ಬೆರೆಯುವುದಿಲ್ಲ. ಹತ್ತಿರದ ನೆಂಟ ಜಾತಿಗಳ ನಡುವಿನ ಭೇದ ಹಲವು ಸಲ ಬಣ್ಣದಲ್ಲಿರದೆ ಹೀಗೆ ವರ್ತನೆಯಲ್ಲಿರುತ್ತದೆ, ಒಣಮಾದರಿಯ ಹಾಳೆ ಅದನ್ನು ಹಿಡಿದಿಡಲಾರದು.

ಆ ಹಾಳೆಗಳೂ ಎಷ್ಟು ನಂಬಲರ್ಹವಾಗಿದ್ದವು ಎಂಬುದಕ್ಕೆ ಒಂದು ಸ್ವಾರಸ್ಯಕರ ಸಾಕ್ಷ್ಯವಿದೆ. ಸಸ್ಯಸಂಗ್ರಾಹಕ ಕೋನಿಗ್ ಕಳಿಸಿದ ಸಾಮಗ್ರಿಯಿಂದ ಸಸ್ಯವಿಜ್ಞಾನಿ ಮರ್ರೆ ‘ಸ್ಟ್ಯಾಲಾಗ್ಮಿಟಿಸ್ ಕ್ಯಾಂಬೋಜಿಯಾಯ್ಡಿಸ್’ ಎಂಬ ಹೊಸ ಹೆಸರು ಕಟ್ಟಿದ್ದ, ಇದೇ ಗ್ಯಾಂಬೋಜಿನ ಮರವೆಂದು ಔಷಧಗ್ರಂಥಗಳು ಒಪ್ಪಿಕೊಂಡಿದ್ದವು. ಮುಂದೆ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಲಂಡನ್ನಿನ ಬ್ಯಾಂಕ್ಸ್ ಸಂಗ್ರಹದಲ್ಲಿದ್ದ ಕೋನಿಗ್‌ನ ಮಾದರಿಯನ್ನು ಪರೀಕ್ಷಿಸಿದಾಗ, ಅದು ಎರಡು ಬೇರೆ ಗಿಡಗಳ ತುಂಡುಗಳನ್ನು ಅರಗಿನಿಂದ ಕೂಡಿಸಿದ್ದೆಂದು ಗೊತ್ತಾಯಿತು. ಇಲ್ಲದ ಗಿಡಕ್ಕೆ ಹೆಸರೂ ಇತ್ತು, ಗುಣವೂ ಇತ್ತು! ಎಡಿನ್‌ಬರೋದ ರಾಬರ್ಟ್ ಗ್ರಹಾಂ ಸಿಂಹಳದಿಂದ ತರಿಸಿದ ಮಾದರಿಗಳನ್ನು ನೋಡಿ, ಅಲ್ಲಿನ ಗ್ಯಾಂಬೋಜಿನ ಮರ ಲಿನೇಯಸ್‌ನ ಮರವಲ್ಲವೆಂದು 1836ರಲ್ಲಿ ಅದಕ್ಕೆ ಬೇರೆ ಹೆಸರು ಕೊಟ್ಟ. ಅದು ನಮ್ಮ ಅರಿಸಿನಗುರಗಿ, ಗಾರ್ಸಿನಿಯ ಮೊರೆಲ್ಲ. ಸಯಾಮಿನ ಗ್ಯಾಂಬೋಜ್ ಮೂರನೆಯದೇ ಒಂದು ಜಾತಿಯದು. ಅರಿಸಿನಗುರಗಿಯ ಗಂಡುಹೂವು ತೊಟ್ಟಿಲ್ಲದೆ ಕೂರುತ್ತದೆ, ಸಯಾಮಿನದಕ್ಕೆ ತೊಟ್ಟಿದೆ. ಈ ಸಯಾಮಿನ ಮರವನ್ನು ಸಸ್ಯವಿಜ್ಞಾನಿ ಹೂಕರ್ 1875ರಲ್ಲಿ ಗಾರ್ಸಿನಿಯ ಹಾನ್‌ಬರಿಯಿ ಎಂದು ಬೇರ್ಪಡಿಸಿದ.

ಊರಹೆಸರುಗಳಿಗೆ ಇಷ್ಟು ಮನ್ನಣೆ ಕೊಡಬಹುದೇ ಎಂಬ ಆಕ್ಷೇಪ ಬರುವುದು ಸಹಜ. ತುಳುವಿನಲ್ಲಿ ಮುರುಗಲು ಪುನರ್ಪುಳಿ, ಉಪ್ಪಾಗೆ ಮಂತುಪುಳಿ. ಕೊಡಗಿನ ಹಂದಿಕರಿಗೆ ಹಾಕುವ ಕಪ್ಪು ರಸ ಕಾಚಂಪುಳಿ. ಹುಣಿಸೆಯೂ ಪುಳಿಯೇ. ಗಡಿ ದಾಟಿದರೆ ಹೆಸರು ಬದಲಾಗುತ್ತದೆ, ಹೀಗಿರುವಾಗ ಇದರ ಮೇಲೆ ಶಾಸ್ತ್ರ ಕಟ್ಟಲಾಗದು ಎನ್ನಬಹುದು. ಮಾತು ಅರ್ಧ ನಿಜ. ಊರಿಂದೂರಿಗೆ ಪದ ಬದಲಾಗುತ್ತದೆಯೇ ಹೊರತು, ಒಂದೇ ಊರೊಳಗೆ ಎರಡು ಮರಗಳು ಬೆರೆಯುವುದು ವಿರಳ. ಸಾರಿಗೆ ಯಾವುದು, ಬೀಜದ ತುಪ್ಪಕ್ಕೆ ಯಾವುದು ಎಂದು ದಿನವೂ ಆಯಬೇಕಾದವರಿಗೆ ತಪ್ಪಿನ ಫಲ ಅಡುಗೆಯಲ್ಲೇ ಸಿಗುತ್ತದೆ. ಸಿಂಹಳದಲ್ಲೂ ಉಪ್ಪಾಗೆ ‘ಗೊರಕ’, ಅರಿಸಿನಗುರಗಿ ‘ಗೊಕಟು’. ಪಂಡಿತರು ಒಂದಾಗಿಸಿದ್ದನ್ನು ಆಡುಮಾತು ಎರಡಾಗಿಯೇ ಇಟ್ಟುಕೊಂಡಿತ್ತು.

ಇಂದು ಡಿಎನ್‌ಎ ಪರೀಕ್ಷೆಯಿರುವಾಗ ಈ ಹಳೆಯ ಕಥೆ ಏಕೆ ಎಂಬ ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಡಿಎನ್‌ಎ ಹೋಲಿಕೆಗೂ ಒಂದು ಮಾದರಿ ಬೇಕು, ಆ ಮಾದರಿಗೆ ಹೆಸರು ಕೊಟ್ಟವರು ಹೂವು ಹಣ್ಣು ನೋಡಿಯೇ ಕೊಟ್ಟಿರಬೇಕು. ಅರಗು ಹಚ್ಚಿದ ರೆಂಬೆಯೇ ಮಾದರಿಯಾದರೆ ಯಂತ್ರ ಅದನ್ನೇ ಶ್ರದ್ಧೆಯಿಂದ ಪುನರುಚ್ಚರಿಸುತ್ತದೆ. ಸಾದೃಶ್ಯದಿಂದ ತೀರ್ಮಾನಿಸುವ ಚಾಳಿ ರಸಾಯನಶಾಸ್ತ್ರವನ್ನೂ ಬಿಟ್ಟಿರಲಿಲ್ಲ. ಉಪ್ಪಾಗೆಯ ಹುಳಿ ಹುಣಿಸೆಯ ಟಾರ್ಟಾರಿಕ್ ಆಮ್ಲವೋ ನಿಂಬೆಯ ಸಿಟ್ರಿಕ್ ಆಮ್ಲವೋ ಎಂದು ಬರೆದುಬಂದಿತ್ತು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್.

ಅದೇ ಆಮ್ಲ 1990ರ ದಶಕದಲ್ಲಿ ಮೈ ಇಳಿಸುವ ಮಾತ್ರೆಯಾಗಿ, ಉತ್ತರ ಕನ್ನಡದ ಕಾಡುಗಳಲ್ಲಿ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಏರಿತು. ಹೆಸರಿನೊಳಗಿನ ತಪ್ಪು ಮಾತ್ರ ಹಾಗೇ ಉಳಿದಿದೆ. ಸಸ್ಯನಾಮದ ನಿಯಮದಲ್ಲಿ ಹಳೆಯ ಹೆಸರಿಗೆ ಆದ್ಯತೆ, ಅರ್ಥ ತಪ್ಪೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ 1968ರಲ್ಲಿ ನಾರ್ಮನ್ ರಾಬ್ಸನ್ ಲಿನೇಯಸ್‌ನ ಪದವನ್ನೇ ಎತ್ತಿಹಿಡಿದು ಉಪ್ಪಾಗೆಯನ್ನು ಗಾರ್ಸಿನಿಯ ಗಮ್ಮಿ-ಗಟ್ಟ ಎಂದರು. ಗಮ್ಮಿ-ಗಟ್ಟ ಎಂದರೂ ಗ್ಯಾಂಬೋಜೇ. ಮಾತ್ರೆಯ ಡಬ್ಬಿಗಳ ಮೇಲೆ ಇನ್ನೂ ಅದಕ್ಕಿಂತ ಹಿಂದೆ ರೂಢಿಯಲ್ಲಿದ್ದ ‘ಗಾರ್ಸಿನಿಯ ಕ್ಯಾಂಬೋಜಿಯ’ ಎಂದೇ ಇದೆ.