ಹವ್ಯಾಸಿ ಸೈಕ್ಲೋಕ್ರಾಸ್‌ನಲ್ಲಿ ವರ್ಗ ಮತ್ತು ಅಂಕಪದ್ಧತಿ

ಹುಲ್ಲು, ಕೆಸರು, ಮರಳು, ಮೆಟ್ಟಿಲುಗಳಿರುವ ಎರಡೂವರೆಯಿಂದ ಮೂರೂವರೆ ಕಿಲೋಮೀಟರ್‌ನ ಹಾದಿಯಲ್ಲಿ ಹೆಚ್ಚೆಂದರೆ ಒಂದು ಗಂಟೆ ಸುತ್ತು ಹಾಕುವ, ಅಡ್ಡಹಲಗೆ ಬಂದಲ್ಲಿ ಇಳಿದು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಓಡುವ ಪಂದ್ಯಕ್ಕೆ ಸೈಕ್ಲೋಕ್ರಾಸ್ ಎಂದು ಹೆಸರು. ಇದರ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ 1902ರಲ್ಲಿ ಫ್ರಾನ್ಸಿನಲ್ಲಿ ನಡೆಯಿತು. ಚಳಿಗಾಲದ ಈ ಆಟ ಕರ್ನಾಟಕದಲ್ಲಿ ಬೇರು ಬಿಟ್ಟಿಲ್ಲ. ಆದರೆ ಅದು ನೂರು ವರ್ಷಗಳಿಂದ ಬಿಡಿಸಲು ಹೆಣಗುತ್ತಿರುವ ಗಂಟು ಇಲ್ಲಿಯವರಿಗೂ ಗೊತ್ತಿರುವಂಥದ್ದೇ. ಜಕ್ಕೂರು, ಯಲಹಂಕಗಳನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ನಸುಕಿನಲ್ಲೇ ನಂದಿಬೆಟ್ಟದ ಕಡೆ ಹೊರಡುವ ಗುಂಪಿನಲ್ಲಿ ಪಳಗಿದವರೂ ಇರುತ್ತಾರೆ, ಹೋದ ತಿಂಗಳು ಸೈಕಲ್ ಕೊಂಡವರೂ ಇರುತ್ತಾರೆ. ಇವರನ್ನು ಒಂದೇ ರೇಸಿಗೆ ಬಿಟ್ಟರೆ ಯಾರನ್ನು ಯಾರ ಜೊತೆ ಎಣಿಸಬೇಕು? ಉತ್ತರವಾಗಿ ಹುಟ್ಟಿದ್ದು ವರ್ಗ, ಅದರ ಬೆನ್ನಿಗೆ ಬಂದದ್ದು ಅಂಕ. ಗೆಲ್ಲುವವನಿಗೆ ವರ್ಗ ಬೇಕಾಗಿಲ್ಲ, ಅವನು ಹೇಗಿದ್ದರೂ ಗೆಲ್ಲುತ್ತಾನೆ. ವರ್ಗ ಬೇಕಾಗಿರುವುದು ಮೂವತ್ತನೆಯವನಾಗಿ ಬಂದೂ ಮುಂದಿನ ವಾರ ಮತ್ತೆ ಬರಬೇಕಾದವನಿಗೆ. ಈ ಪದ್ಧತಿಗಳ ಚರಿತ್ರೆಯನ್ನು ಅವನ ಕಡೆಯಿಂದ ನೋಡಿದರೆ, ಹಲವು ನಿಯಮಗಳು ಯಾರಿಗಾಗಿ ಹುಟ್ಟಿದವೋ ಅವರನ್ನೇ ಮರೆತದ್ದು ಕಾಣುತ್ತದೆ.

ಮೊದಲು ಬಂದ ವಿಂಗಡಣೆಗೆ ಸಾಮರ್ಥ್ಯದೊಂದಿಗೆ ಸಂಬಂಧವೇ ಇರಲಿಲ್ಲ. 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಟೂರ್ ಡಿ ಫ್ರಾನ್ಸನ್ನು ಅದಾಗಲೇ ಗೆದ್ದಿದ್ದ ಝಾನ್ ರೊಬಿಕ್ ಗೆದ್ದ. ಆಗ ಎಲ್ಲರಿಗೂ ಒಂದೇ ಪಂದ್ಯ. 1967ರಲ್ಲಿ ಅದನ್ನು ವೃತ್ತಿಪರರಿಗೊಂದು, ಹವ್ಯಾಸಿಗಳಿಗೊಂದು ಎಂದು ಒಡೆಯಲಾಯಿತು. ಹೆಸರು ಕೇಳಿದರೆ ನ್ಯಾಯವೆನಿಸುತ್ತದೆ. ವಾಸ್ತವದಲ್ಲಿ ಕಮ್ಯುನಿಸ್ಟ್ ದೇಶಗಳಲ್ಲಿ ವೃತ್ತಿಪರರೆಂಬ ಪಂಗಡವೇ ಇಲ್ಲದ್ದರಿಂದ ಅಲ್ಲಿನ ಅತ್ಯುತ್ತಮರೆಲ್ಲ ಹವ್ಯಾಸಿಗಳ ಸಾಲಿನಲ್ಲೇ ನಿಂತರು. ಚೆಕೊಸ್ಲೊವಾಕಿಯಾದ ರಾದೊಮಿರ್ ಶಿಮುನೆಕ್ 1983 ಮತ್ತು 1984ರಲ್ಲಿ ಹವ್ಯಾಸಿ ಪಟ್ಟ ಗೆದ್ದು, 1991ರಲ್ಲಿ ವೃತ್ತಿಪರ ಪಟ್ಟವನ್ನೂ ಗೆದ್ದ. ಪಶ್ಚಿಮ ಜರ್ಮನಿಯ ಕ್ಲಾಸ್-ಪೀಟರ್ ಥಾಲರ್ ಕೂಡ ಎರಡೂ ಕಡೆ ಎರಡೆರಡು ಬಾರಿ ಗೆದ್ದವನು. ಆ ವಿಂಗಡಣೆ ಅಳೆಯುತ್ತಿದ್ದದ್ದು ಕಾಲಿನ ಕಸುವನ್ನಲ್ಲ, ಸಂಬಳದ ಮೂಲವನ್ನು. 1994ರಲ್ಲಿ ಎರಡನ್ನೂ ಮತ್ತೆ ಒಂದು ಮಾಡಿದಾಗ ನಿಜವಾದ ಹವ್ಯಾಸಿಗೆ ಲಾಭವೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ಅವನು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಸಾಮರ್ಥ್ಯವನ್ನೇ ಆಧಾರವಾಗಿಟ್ಟುಕೊಂಡ ಪದ್ಧತಿ ಗಟ್ಟಿಯಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಹೊಸಬ ಐದನೇ ವರ್ಗದಿಂದ ಶುರುಮಾಡಿ, ಫಲಿತಾಂಶ ತೋರಿಸುತ್ತ ಒಂದನೇ ವರ್ಗದತ್ತ ಏರಬೇಕು. ರಸ್ತೆ ರೇಸಿನಲ್ಲಿ ಐದರಿಂದ ನಾಲ್ಕಕ್ಕೆ ಏರಲು ಬಹುಕಾಲ ಬೇಕಾಗಿದ್ದದ್ದು ಗೆಲುವಲ್ಲ, ಹತ್ತು ಗುಂಪು ರೇಸುಗಳ ಅನುಭವ. ಜಕ್ಕೂರಿನ ಏರೋಡ್ರೋಮ್‌ನಲ್ಲಿ ವಿಮಾನ ಹಾರಿಸಲು ಕಲಿಯುವವರು ಲಾಗ್‌ಬುಕ್ಕಿನಲ್ಲಿ ಗಂಟೆಗಳನ್ನು ಕೂಡಿಸುತ್ತ ಹೋಗುವಂತೆಯೇ ಇದು: ಎಷ್ಟು ಹೊತ್ತು ಹಾರಿದ್ದೀರಿ ಎಂಬುದು ಲೆಕ್ಕ, ಯಾರಿಗಿಂತ ಮುಂದೆ ಹಾರಿದಿರಿ ಎಂಬುದಲ್ಲ. ಆರಂಭದ ಹಂತಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದು ಕಷ್ಟ. ತೊಡಕು ಬರುವುದು ಮೇಲಿನ ಹಂತಗಳಲ್ಲಿ, ಅಂಕ ಸ್ಥಾನಕ್ಕೆ ಅಂಟಿಕೊಂಡಾಗ. ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ತನ್ನ ಸಿ2 ದರ್ಜೆಯ ಪಂದ್ಯದ ವಿಜೇತನಿಗೆ 40, ಸಿ1 ದರ್ಜೆಯಲ್ಲಿ 80, ವಿಶ್ವಕಪ್ಪಿನಲ್ಲಿ 200 ಅಂಕ ಕೊಡುತ್ತ ಬಂದಿದೆ. ಸಿ2ರಲ್ಲಿ ಹತ್ತನೆಯವನಿಗೆ ಒಂದು, ಹನ್ನೊಂದನೆಯವನಿಗೆ ಏನೂ ಇಲ್ಲ. ಸೈಕ್ಲೋಕ್ರಾಸ್‌ನಲ್ಲಿ ಈ ಅಂಕ ಬರೀ ಗೌರವವಲ್ಲ. ಸವಾರರು ಎಂಟೆಂಟರ ಸಾಲಿನಲ್ಲಿ ನಿಲ್ಲುತ್ತಾರೆ, ಯಾರು ಯಾವ ಸಾಲು ಎಂಬುದನ್ನು ಅಂಕವೇ ಹೇಳುತ್ತದೆ. ಆರು ಮೀಟರ್ ಅಗಲದ ಆರಂಭದ ಹಾದಿ ಸ್ವಲ್ಪ ದೂರದಲ್ಲೇ ಮೂರು ಮೀಟರ್‌ವರೆಗೂ ಕಿರಿದಾಗಬಹುದು, ಹಿಂದಿನವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಅಂಕ ಇದ್ದವನಿಗೆ ಮುಂದಿನ ಸಾಲು, ಮುಂದಿನ ಸಾಲಿನವನಿಗೆ ಇನ್ನಷ್ಟು ಅಂಕ. ಹವ್ಯಾಸಿ ಪಂದ್ಯಗಳೂ ಇದನ್ನೇ ಅನುಕರಿಸಿದಾಗ, ಸಾಮರ್ಥ್ಯವನ್ನು ಅಳೆಯಬೇಕಾದ ಸಾಧನವೇ ಸಾಮರ್ಥ್ಯಕ್ಕೆ ಮುಂಗಡ ಕೊಡತೊಡಗಿತು.

ಇದಕ್ಕೆ ಹವ್ಯಾಸಿ ವಲಯವೇ ಕಂಡುಕೊಂಡ ಮದ್ದು, ಎಷ್ಟನೇ ಸ್ಥಾನ ಎಂಬುದರ ಬದಲು ಯಾರ ಎದುರು ಆ ಸ್ಥಾನ ಎಂದು ಕೇಳುವ ಲೆಕ್ಕ. ಚದುರಂಗಕ್ಕೆ ಫಿಡೆ 1970ರಲ್ಲಿ ಒಪ್ಪಿಕೊಂಡ ಎಲೋ ರೇಟಿಂಗಿನ ದಾಯಾದಿ ಇದು. ಗಟ್ಟಿ ಎದುರಾಳಿಗಳ ನಡುವೆ ಇಪ್ಪತ್ತನೆಯವನಾದರೂ ರೇಟಿಂಗ್ ಸುಧಾರಿಸಬಹುದು, ಸಪ್ಪೆ ಪಂದ್ಯ ಗೆದ್ದರೂ ಹೆಚ್ಚೇನೂ ಸಿಗದಿರಬಹುದು. ಹನ್ನೊಂದನೆಯವನಿಗೂ, ಅರವತ್ತನೆಯವನಿಗೂ ಒಂದು ಅಂಕಿ ಸಿಗುತ್ತದೆ ಎಂಬುದೇ ಇದರ ದೊಡ್ಡ ಗುಣ. ಬೇಕೆಂದೇ ಕೆಳವರ್ಗದಲ್ಲಿ ಉಳಿದು ಬಹುಮಾನ ಬಾಚುವವರನ್ನು ಯಾವ ಲೆಕ್ಕ ತಡೆದೀತು ಎಂಬ ಆಕ್ಷೇಪ ಹಳೆಯದು, ಸುಳ್ಳೂ ಅಲ್ಲ. ಮನೆಯೊಳಗೆ ಟ್ರೇನರ್ ಮೇಲೆ ಓಡಿಸುವ ಝ್ವಿಫ್ಟ್ ರೇಸುಗಳಲ್ಲಿ ದೇಹತೂಕದ ಕಿಲೋಗೆ ಇಷ್ಟು ವಾಟ್ ಎಂದು ಗೆರೆ ಎಳೆದಾಗ, ಗೆರೆಯ ಕೆಳಗೇ ಕಾಲನ್ನು ಹಿಡಿದಿಟ್ಟುಕೊಂಡು ಗೆಲ್ಲುವ ಕಲೆ ಬೆಳೆಯಿತು. 2024ರಲ್ಲಿ ಅಲ್ಲಿ ಫಲಿತಾಂಶವನ್ನೂ ಲೆಕ್ಕಕ್ಕೆ ಹಿಡಿಯುವ ರೇಸಿಂಗ್ ಸ್ಕೋರ್ ಬಂತು. ಗೆರೆ ಸ್ಥಿರವಾಗಿದ್ದಷ್ಟೂ ಅದರ ಪಕ್ಕ ಅಡಗುವುದು ಸುಲಭ. ಗೆದ್ದಂತೆಲ್ಲ ಸರಿಯುವ ರೇಟಿಂಗಿನಲ್ಲಿ ಕಳ್ಳಾಟ ಒಂದೆರಡು ಸಲ ನಡೆದೀತು, ಋತುವಿಡೀ ನಡೆಯದು.

ಕರ್ನಾಟಕದಲ್ಲಿ ಅಧಿಕೃತ ಸೈಕಲ್ ಕ್ರೀಡೆ ಸವಾರರನ್ನು ವಿಂಗಡಿಸುವುದು ವಯಸ್ಸಿನಿಂದ: ಸಬ್ ಜೂನಿಯರ್, ಜೂನಿಯರ್, ಎಲೀಟ್. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿ ನಿಲಯಗಳಿಂದ ಮಕ್ಕಳನ್ನು ಬೆಳೆಸುವ ವ್ಯವಸ್ಥೆಗೆ ಇದು ಸಾಕು, ಅಲ್ಲಿ ವಯಸ್ಸೂ ತರಬೇತಿಯೂ ಜೊತೆಜೊತೆಗೇ ಏರುತ್ತವೆ. ಮೂವತ್ತಕ್ಕೆ ಸೈಕಲ್ ಹಿಡಿದವನಿಗೆ ಮಾತ್ರ ಅದರಲ್ಲಿ ಒಂದೇ ಬಾಗಿಲು, ಎಲೀಟ್. ಬೆಂಗಳೂರಿನ ನವೀನ್ ಜಾನ್ ರೇಸಿಗೆ ಇಳಿದದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುವಾಗ; ಅಲ್ಲಿನ ಕಾಲೇಜು ರೇಸುಗಳಲ್ಲಿ ಎ, ಬಿ, ಸಿ, ಡಿ ಎಂಬ ಸಾಮರ್ಥ್ಯದ ಮೆಟ್ಟಿಲುಗಳಿವೆ. 2016ರಲ್ಲಿ ದೋಹಾದ ವಿಶ್ವ ರಸ್ತೆ ಚಾಂಪಿಯನ್‌ಶಿಪ್‌ನ ಟೈಮ್ ಟ್ರಯಲ್‌ನಲ್ಲಿ ಅವರು ಭಾರತದ ಪರ ಓಡಿದರು. ಒಬ್ಬರ ಉದಾಹರಣೆಯಿಂದ ಪದ್ಧತಿಯೊಂದು ಸಾಬೀತಾಗುವುದಿಲ್ಲ, ನಿಜ. ತಡವಾಗಿ ಬಂದವರಿಗೆ ಮೆಟ್ಟಿಲು ಬೇಕೆಂಬುದಂತೂ ತಿಳಿಯುತ್ತದೆ. ಊರಿನಲ್ಲೇ ಆ ಮೆಟ್ಟಿಲನ್ನು ಕಟ್ಟಲು ಹೊರಟದ್ದು 2000ದ ದಶಕದ ಕೊನೆಯಲ್ಲಿ ಸವಾರರೇ ಸೇರಿ ಆರಂಭಿಸಿದ ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್. ಪಳಗಿದವರು, ಹೊಸಬರು, ಮಹಿಳೆಯರು ಎಂಬ ವಿಂಗಡಣೆಯ ಜೊತೆ ರೋಡ್ ಬೈಕ್ ಇಲ್ಲದ ಹೈಬ್ರಿಡ್, ಎಂಟಿಬಿ ಸವಾರರಿಗೂ ಅಲ್ಲಿ ಪ್ರತ್ಯೇಕ ಸ್ಪರ್ಧೆ ಬಂತು. ಸೈಕಲ್ಲಿನ ಜಾತಿ ನೋಡಿ ವರ್ಗ ಮಾಡುವುದು ಶಾಸ್ತ್ರೀಯವೇನಲ್ಲ, ಆದರೂ ಹೊಸಬನ ಜೇಬನ್ನೂ ಅವನ ಅನುಭವವನ್ನೂ ಅದು ಒಟ್ಟಿಗೇ ಗುರುತಿಸಿತು.

ವರ್ಗವೇ ಬೇಡ ಎನ್ನುವವರು ಬ್ರೆವೆಯನ್ನು ತೋರಿಸುತ್ತಾರೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರಾಯಿತು, ಮೊದಲಿಗನೂ ಇಲ್ಲ, ಕೊನೆಯವನೂ ಇಲ್ಲ. ಅದು ಬೇರೆಯೇ ಸುಖ, ರೇಸ್ ಬಯಸಿ ಬಂದವನಿಗೆ ಅದನ್ನು ಬದಲಿಯಾಗಿ ಕೊಡಲಾಗದು. ಇದಕ್ಕಿಂತ ತೂಕದ ಆಕ್ಷೇಪ ಜನ ಕಡಿಮೆ ಎಂಬುದು: ನಲವತ್ತು ಮಂದಿಯನ್ನು ಐದು ವರ್ಗ ಮಾಡಿದರೆ ವರ್ಗಕ್ಕೆ ಎಂಟೇ ಜನ. ಸೈಕ್ಲೋಕ್ರಾಸ್‌ನ ಹಾದಿಯಲ್ಲೇ ಇದಕ್ಕೆ ಉತ್ತರವಿದೆ. ಸುತ್ತು ಚಿಕ್ಕದಾದ್ದರಿಂದ ಒಂದು ನಿಮಿಷದ ಅಂತರದಲ್ಲಿ ವರ್ಗಗಳನ್ನು ಒಂದರ ಹಿಂದೊಂದು ಬಿಟ್ಟು, ಫಲಿತಾಂಶವನ್ನಷ್ಟೇ ಬೇರೆ ಬೇರೆ ಬರೆಯಬಹುದು. ಮೇಲ್ಮಟ್ಟದ ಪಂದ್ಯಗಳಲ್ಲಿ ಮುಂದಿನವನಿಗಿಂತ ತೀರಾ ಹಿಂದೆ ಬಿದ್ದವರನ್ನು ಹಾದಿಯಿಂದ ಹೊರಕ್ಕೆ ಕರೆಯುವ ನಿಯಮವಿದೆ; ಹವ್ಯಾಸಿ ಪಂದ್ಯದಲ್ಲಿ ಅದನ್ನು ಕೈಬಿಟ್ಟು, ಅವರು ಮುಗಿಸಿದ ಸುತ್ತುಗಳನ್ನು ಎಣಿಸಿದರೆ ಸಾಕು. ಮಹಿಳೆಯರಿಗೆ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್‌ಶಿಪ್ ಸಿಕ್ಕಿದ್ದು 2000ದಲ್ಲಿ, ಪುರುಷರಿಗಿಂತ ಐವತ್ತು ವರ್ಷ ತಡವಾಗಿ. ಸಂಖ್ಯೆ ತುಂಬುವವರೆಗೆ ವರ್ಗ ಬೇಡವೆಂದು ಕಾಯುವಲ್ಲಿ ಆ ಸಂಖ್ಯೆ ತುಂಬುವುದೂ ಅಷ್ಟೇ ತಡವಾಗುತ್ತದೆ.