ಎಡೆದೊರೆ ನಾಡಿನ ಚಿನ್ನದ ತಗಡು ಮತ್ತು ತೂತಿನ ಉಳಿ

ರಾಯಚೂರಿನ ಕೋಟೆಯನ್ನು ಕಂಡವರಿಗೆ ಅದರ ಗೋಡೆಯಲ್ಲಿ ಸೇರಿಸಿರುವ ಒಂದು ನೀಳವಾದ ಬಂಡೆಯ ನೆನಪು ಉಳಿಯದಿರದು. ಅದರ ಉದ್ದ 41 ಅಡಿಗೂ ಮೀರಿದ್ದು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯು ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನವು ಹೇಳುತ್ತದೆ. ಇಷ್ಟೇ ಅಲ್ಲ, ಅಂಥ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನೂ ಅಲ್ಲಿಯೇ ಕಲ್ಲಿನಲ್ಲಿ ಚಿತ್ರವಾಗಿ ಕೊರೆದಿದ್ದಾರೆ. ದೊಡ್ಡ ಕಲ್ಲನ್ನು ಸಾಗಿಸಿದವರ ಶ್ರಮಕ್ಕೆ ಹೀಗೆ ಒಂದು ದಾಖಲೆ ದೊರೆಯಿತು. ಆದರೆ ಅದೇ ಕೋಟೆಯ ನೆರಳಿನಲ್ಲಿ ಕುಳಿತು, ಎಲೆಯಷ್ಟು ತೆಳುವಾದ ಚಿನ್ನದ ತಗಡಿನಲ್ಲಿ ಅದು ಹರಿಯದಂತೆ ಒಂದು ತೂತನ್ನು ಮಾಡಿದವನ ಕೌಶಲಕ್ಕೆ ದಾಖಲೆ ಎಲ್ಲಿದೆ? ಈ ಹೊತ್ತು ನಾವು ವಿಚಾರ ಮಾಡಬೇಕೆಂದಿರುವುದು ಆ ತೂತಿನ ವಿಷಯವನ್ನು.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ಭೂಮಿಗೆ ಹಿಂದೆ ಎಡೆದೊರೆ ನಾಡೆಂದು ಹೆಸರು. ಇತಿಹಾಸದ ಪಾಠದಲ್ಲಿ ಇದನ್ನು ನಾವು ಯುದ್ಧಭೂಮಿಯಾಗಿಯೇ ತೋರಿಸುತ್ತ ಬಂದಿದ್ದೇವೆ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಹನಿಂದ ರಾಯಚೂರನ್ನು ಗೆದ್ದನೆಂಬುದನ್ನು ವಿದ್ಯಾರ್ಥಿಗಳು ಬಾಯಿಪಾಠ ಹೇಳಬಲ್ಲರು. ಆದರೆ ಈ ನಾಡಿನ ನೆಲದೊಳಗೆ ಚಿನ್ನವಿದೆ. ಹಟ್ಟಿಯ ಗಣಿಯಲ್ಲಿ ದೊರೆತ ಹಳೆಯ ಮರದ ತೊಲೆಗಳನ್ನು ವಿಜ್ಞಾನಿಗಳು ಪರೀಕ್ಷಿಸಿ, ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನವೆಂದು ಗೊತ್ತುಮಾಡಿದ್ದಾರೆ. ದೇವದುರ್ಗ ತಾಲ್ಲೂಕಿನ ಊಟಿಯಲ್ಲಿಯೂ ಚಿನ್ನದ ಗಣಿಯುಂಟು. 1915ರಲ್ಲಿ ಮಸ್ಕಿಯ ಅಶೋಕಶಾಸನವನ್ನು, ‘ಅಶೋಕ’ ಎಂಬ ಹೆಸರನ್ನೇ ಹೊತ್ತಿರುವ ಆ ಶಾಸನವನ್ನು, ಕಂಡುಹಿಡಿದವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಚಿನ್ನವನ್ನು ಹುಡುಕಹೊರಟವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು!

ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ಕಲ್ಲಿನ ಮಣಿಗಳು ದೊರೆತುವು. ತುಂಗಭದ್ರೆಯ ಆಚೆಯ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ಅಗೆದಾಗ ನವಶಿಲಾಯುಗದ ಚಿನ್ನದ ಕಿವಿಯಾಭರಣವೇ ಸಿಕ್ಕಿತು. ಕಲ್ಲಿನ ಮಣಿ, ಚಿನ್ನದ ಒಡವೆ ಇವೆರಡನ್ನೂ ಒಂದೇ ದಾರದಲ್ಲಿ ಪೋಣಿಸಬಹುದು. ಆದರೆ ಎರಡಕ್ಕೂ ಒಂದೇ ಉಪಕರಣ ಸಲ್ಲದು. ಕಲ್ಲನ್ನು ಹೊಡೆದರೆ ಸೀಳುತ್ತದೆ; ಆದುದರಿಂದ ಅದನ್ನು ಮೆಲ್ಲಮೆಲ್ಲನೆ ಕೊರೆಯಬೇಕು. ಚಿನ್ನವಾದರೋ ಪೆಟ್ಟಿಗೆ ಬಗ್ಗುವ ಲೋಹ. ಅದನ್ನು ಚುಚ್ಚಲೂಬಹುದು, ಕತ್ತರಿಸಲೂಬಹುದು, ಕೊರೆಯಲೂಬಹುದು. ಯಾವುದು ಯಾವಾಗ ಎಂಬ ವಿವೇಕವೇ ಪತ್ತಾರನ ವಿದ್ಯೆ.

ಆ ವಿವೇಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲನೆಯದು ಸೂಜಿಮೊನೆಯ ಉಳಿ. ಇದು ಲೋಹವನ್ನು ತೆಗೆಯುವುದಿಲ್ಲ, ಪಕ್ಕಕ್ಕೆ ಸರಿಸುತ್ತದೆ. ತೂಕ ಒಂದಿಷ್ಟೂ ಕಡಮೆಯಾಗದು. ಆದರೆ ತಗಡಿನ ಹಿಂಬದಿಯಲ್ಲಿ ಮುಳ್ಳಿನಂಥ ಅಂಚು ಏಳುತ್ತದೆ. ಅದನ್ನು ತಟ್ಟಿ ಅರದಿಂದ ಉಜ್ಜದಿದ್ದರೆ ದಾರವನ್ನೂ ಚರ್ಮವನ್ನೂ ಕೊಯ್ಯುವುದು. ಎರಡನೆಯದು ಚಪ್ಪಟೆ ಮುಖದ, ಅಂಚು ಹರಿತವಾದ ಉಳಿ. ತಗಡನ್ನು ಮರದ ಕೊರಡಿನ ಅಡ್ಡಕೊಯ್ದ ಮುಖದ ಮೇಲೋ ಸೀಸದ ಗಟ್ಟಿಯ ಮೇಲೋ ಇಟ್ಟು, ಈ ಉಳಿಯ ತಲೆಗೆ ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟರೆ ಒಂದು ಪುಟ್ಟ ಬಿಲ್ಲೆ ಕತ್ತರಿಸಿ ಬೀಳುತ್ತದೆ. ಸೀಸ ಮೆತ್ತಗಿರುವುದರಿಂದ ಉಳಿಯ ಬಾಯಿಗೆ ಒಳ್ಳೆಯದು. ಆದರೆ ಅದರ ಕಣವೊಂದು ಚಿನ್ನಕ್ಕೋ ಬೆಳ್ಳಿಗೋ ಅಂಟಿಕೊಂಡು ಬೆಂಕಿ ಕಂಡರೆ ಲೋಹವನ್ನೇ ತಿಂದು ಪೆಡಸು ಮಾಡುತ್ತದೆ. ಆದುದರಿಂದ ನಡುವೆ ಕಾಗದವನ್ನಿಡಬೇಕು, ಕಾಸುವ ಮುನ್ನ ಚೆನ್ನಾಗಿ ಒರೆಸಬೇಕು.

ಮೂರನೆಯ ಬಗೆಯಲ್ಲಿ ಉಳಿಗೆ ಕೆಳಗಡೆ ಸರಿಯಾಗಿ ಹೊಂದುವ ತೂತುಳ್ಳ ಉಕ್ಕಿನ ಪಟ್ಟಿಯಿರುತ್ತದೆ. ಈಗ ದೊರೆಯುವ ತಿರುಪಿನ ಪಂಚು ಮತ್ತು ಪಂಚು ಇಕ್ಕಳಗಳು ಈ ಜಾತಿಯವು. ಎರಡು ತಿರುಪುಗಳುಳ್ಳ ಪಂಚಿನಲ್ಲಿ ಒಂದರಿಂದ 1.6 ಮಿಲಿಮೀಟರಿನ, ಇನ್ನೊಂದರಿಂದ 2.3 ಮಿಲಿಮೀಟರಿನ ತೂತು ಬೀಳುತ್ತದೆ. ಸುತ್ತಿಗೆಯ ಪೆಟ್ಟಿಲ್ಲದುದರಿಂದ ತಗಡು ಡೊಂಕಾಗದು, ಅಂಚೂ ಶುಭ್ರ. ಆದರೆ ಇಕ್ಕಳದ ಬಾಯಿ ಅಂಚಿನಿಂದ ಸ್ವಲ್ಪ ದೂರದವರೆಗೆ ಮಾತ್ರ ಹೋಗುತ್ತದೆ. ದಪ್ಪ ಒಂದು ಮಿಲಿಮೀಟರನ್ನು ಸಮೀಪಿಸಿದರೆ ಅದರ ಮೊನೆಯೇ ಮುರಿಯುವ ಭಯವುಂಟು. ತಗಡಿನ ನಡುಮಧ್ಯದಲ್ಲಿ ತೂತು ಬೇಕಾದಾಗ, ಅಥವಾ ಲೋಹ ದಪ್ಪವಾಗಿರುವಾಗ, ನಾಲ್ಕನೆಯದಾದ ಬೈರಿಗೆಯೇ ಗತಿ. ಬಿಲ್ಲಿನ ಹುರಿಯಿಂದ ತಿರುಗಿಸಿದರೂ ಕೈಯಿಂದ ತಿರುಗಿಸಿದರೂ ಅದು ಲೋಹವನ್ನು ಸಣ್ಣ ಸಣ್ಣ ಚೂರುಗಳಾಗಿ ಹೊರಹಾಕುತ್ತದೆ. ಎಲ್ಲಕ್ಕೂ ಸಮಾನವಾದ ನಿಯಮಗಳು ಮೂರು: ತಟ್ಟಿ ಗಡುಸಾದ ತಗಡನ್ನು ಮೊದಲು ಕಾಸಿ ಮೆದುವಾಗಿಸಬೇಕು, ಉಳಿಯಿಂದ ಹೊಡೆಯುವ ತೂತಿನ ಅಗಲ ತಗಡಿನ ದಪ್ಪಕ್ಕಿಂತ ಕಡಮೆಯಿರಬಾರದು, ತೂತಿಗೂ ಅಂಚಿಗೂ ನಡುವೆ ಕಡೆಯ ಪಕ್ಷ ತೂತಿನಷ್ಟಾದರೂ ಅಗಲದ ಲೋಹ ಉಳಿಯಬೇಕು.

ಈ ಉಳಿಯ ಚರಿತ್ರೆಗೆ ನಮ್ಮ ನಾಣ್ಯಗಳಲ್ಲಿಯೂ ಒಂದು ಸಾಕ್ಷಿಯಿದೆ. ದೇವಗಿರಿಯ ಯಾದವರ ಕಾಲದ ಪದ್ಮಟಂಕಗಳು ತೆಳುವಾದ ಚಿನ್ನದ ಬಿಲ್ಲೆಗಳು. ನಡುವೆ ಕಮಲವನ್ನೂ ಸುತ್ತಲೂ ಬೇರೆ ಬೇರೆ ಗುರುತುಗಳನ್ನೂ ಒಂದೊಂದು ಉಳಿಯಿಂದ ಬಿಡಿಬಿಡಿಯಾಗಿ ಒತ್ತಿದುದರಿಂದ ಅವು ಬಟ್ಟಲಿನಂತೆ ತಗ್ಗಾಗಿವೆ. ನಿಲ್ಲಬೇಕಾದಲ್ಲಿ ಉಳಿ ನಿಂತರೆ ಮುದ್ರೆ, ಒಂದು ಕೂದಲೆಳೆ ಮುಂದೆ ಹೋದರೆ ತೂತು. ಆ ಕೂದಲೆಳೆಯನ್ನು ಬಲ್ಲ ಕೈಗಳು ಅಂದು ಇದ್ದುವು.

ಇನ್ನು, ಈ ಮಾತಿನಲ್ಲಿ ಅಡಗಿರುವ ಒಂದು ನ್ಯಾಯದ ಪ್ರಶ್ನೆ. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆಯನ್ನು ನಾವೆಲ್ಲರೂ ನಗುತ್ತ ಆಡುತ್ತೇವೆ. ಒಂದಿಷ್ಟು ಲೆಕ್ಕ ಹಾಕೋಣ. 0.3 ಮಿಲಿಮೀಟರು ದಪ್ಪದ ಅಪ್ಪಟ ಚಿನ್ನದ ತಗಡಿನಲ್ಲಿ 1.6 ಮಿಲಿಮೀಟರಿನ ತೂತು ಮಾಡಿದರೆ ಹೊರಬರುವ ಚಿನ್ನ ಸುಮಾರು 11.6 ಮಿಲಿಗ್ರಾಂ. ತೊಲವೊಂದಕ್ಕೆ 11.66 ಗ್ರಾಂ, ಅಂದರೆ ಸಾವಿರ ತೂತುಗಳಿಗೆ ಒಂದು ತೊಲ. ತೊಲಕ್ಕೆ 96 ಗುಂಜಿ ಎಂಬ ಹಳೆಯ ಲೆಕ್ಕದಲ್ಲಿ ಹತ್ತು ತೂತುಗಳಿಗೆ ಹೆಚ್ಚುಕಡಮೆ ಒಂದು ಗುಂಜಿ. ನೂರು ಬಿಲ್ಲೆಗಳ ಸರಕ್ಕೆ ಎರಡೆರಡು ತೂತಾದರೆ ಇಪ್ಪತ್ತು ಗುಂಜಿ ಚಿನ್ನ ಒಡವೆಯಿಂದ ಹೊರಗೆ ಬಂದಿತು. ಇದು ಕಳವಲ್ಲ, ಕೆಲಸದ ಸ್ವಭಾವ. ಕತ್ತರಿಸುವ ಉಳಿಯಿಂದ ಹೊಡೆದಿದ್ದರೆ ಆ ಚಿನ್ನ ಇನ್ನೂರು ದುಂಡು ಬಿಲ್ಲೆಗಳಾಗಿ ಎಣಿಸುವಂತೆ ಉಳಿಯುತ್ತದೆ, ಒಡತಿಯ ಅಂಗೈಗೆ ಹಿಂದಿರುಗಿಸಬಹುದು. ಬೈರಿಗೆಯಿಂದ ಕೊರೆದಿದ್ದರೆ ಅದು ಪುಡಿಯಾಗಿ ಚಾಪೆಗೂ ಬೂದಿಗೂ ಸೇರುತ್ತದೆ. ಅಂಥ ಬೂದಿಯನ್ನು ತೊಳೆದು ಚಿನ್ನ ತೆಗೆಯುತ್ತಿದ್ದ ಜಲಗಾರರೆಂಬ ಜನವೇ ನಮ್ಮ ನಾಡಿನಲ್ಲಿದ್ದರು. ಹೀಗೆ ಉಪಕರಣದ ಆಯ್ಕೆಯೆಂಬುದು ಅಂದದ ಮಾತಷ್ಟೇ ಅಲ್ಲ. ಮನೆಯವರಿಗೂ ಪತ್ತಾರನಿಗೂ ನಡುವಣ ನಂಬಿಕೆಯ ಮಾತು. ಗಾದೆಯನ್ನಾಡುವ ಮೊದಲು ಉಳಿಯನ್ನು ನೋಡುವುದು ಧರ್ಮ.

ಕೈಯಲ್ಲಿ ಉಳಿಯಿದ್ದರೂ ಕೆಲಸ ತಪ್ಪಿದ ಕಾಲವೂ ಬಂದಿತು. 1963ರ ಚಿನ್ನ ನಿಯಂತ್ರಣದ ಕಟ್ಟಳೆಗಳು 14 ಕ್ಯಾರೆಟ್ಟಿಗೆ ಮೀರಿದ ಹೊಸ ಒಡವೆಗಳನ್ನು ನಿಷೇಧಿಸಿದುವು. 14 ಕ್ಯಾರೆಟ್ಟಿನ ಲೋಹ ಗಡುಸು. ಮೆದುಚಿನ್ನಕ್ಕೆಂದು ಮಸೆದ ಉಳಿಗೆ ಅದು ಸುಲಭವಾಗಿ ಒಲಿಯದು. ದೇಶದಾದ್ಯಂತ ಅಸಂಖ್ಯ ಅಕ್ಕಸಾಲಿಗಳ ಜೀವನೋಪಾಯ ಕೆಟ್ಟಿತು. ಆ ಮಿತಿ ಮುಂದೆ ಸಡಿಲವಾಯಿತಾದರೂ 1968ರ ನಿಯಂತ್ರಣ ಕಾಯಿದೆ ರದ್ದಾದುದು 1990ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದುಹೋಗಿತ್ತು. ಅನಂತರ ಯಂತ್ರದಲ್ಲಿ ಅಚ್ಚೊತ್ತಿದ ಒಡವೆಗಳು ಅಂಗಡಿಗಳನ್ನು ತುಂಬಿದುವು. ನೆಲದಡಿಯಲ್ಲಿ ಚಿನ್ನವುಳ್ಳ ನಾಡಿನಲ್ಲಿಯೇ ಚಿನ್ನವನ್ನು ಬಲ್ಲ ಕೈ ಅಪರೂಪವಾಗುತ್ತಿದೆ.

ವಸ್ತುಸಂಗ್ರಹಾಲಯಗಳಲ್ಲಿ ಹಾರಕ್ಕೆ ಗಾಜಿನ ಪೆಟ್ಟಿಗೆ ದೊರೆಯುತ್ತದೆ. ಹಾರವನ್ನು ಮಾಡಿದ ಉಳಿ ಹಳೆಯ ಕಬ್ಬಿಣವಾಗಿ ತೂಕಕ್ಕೆ ಮಾರಿಹೋಗುತ್ತದೆ. ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಯಾವ ಪತ್ತಾರರ ಮನೆಯಲ್ಲಾದರೂ ಅಜ್ಜನ ಕಾಲದ ಕಂಬಚ್ಚು, ಉಳಿ, ಬೈರಿಗೆಗಳಿದ್ದರೆ ಅವನ್ನು ಕೊಟ್ಟುಬಿಡುವ ಮುನ್ನ ಮನೆಯ ಹಿರಿಯರನ್ನು ಕೂಡಿಸಿಕೊಂಡು, ಯಾವುದು ಯಾವ ತಗಡಿಗೆ, ಯಾವ ತೂತಿಗೆ ಎಂದು ಕೇಳಿ ಬರೆದಿಡುವುದು ಒಳ್ಳೆಯದು. ನಾವು ಕಾಲೇಜಿನವರೂ ನಮ್ಮ ವಿದ್ಯಾರ್ಥಿಗಳನ್ನು ಕೋಟೆಗೆ ಕರೆದೊಯ್ದು ಬಂಡೆಯನ್ನು ತೋರಿಸಿದ ಮೇಲೆ, ಹಿಂದಿರುಗುವಾಗ ಒಬ್ಬ ಪತ್ತಾರನ ಅಂಗಡಿಯ ಮುಂದೆ ಅರ್ಧ ಗಳಿಗೆ ನಿಲ್ಲಿಸುವುದಾದರೆ ಆ ದಿನದ ಪಾಠ ಪೂರ್ಣವಾದೀತು.