ನಕ್ಷೆಗೂ ಮೊದಲು ನೆಲ

ಕೋಲಾರ ಜಿಲ್ಲೆಯ ಶಿವಾರಪಟ್ಟಣದಂಥ ಊರಿನಲ್ಲಿ ಮನೆ ಕಟ್ಟಲು ಹೊರಟವರು ಮೊದಲು ಮೇಸ್ತ್ರಿಯನ್ನು ಹಿಡಿಯುತ್ತಾರೆ. ನಕ್ಷೆ ಬರೆಸಿ ಪಂಚಾಯಿತಿಗೆ ಅರ್ಜಿ ಕೊಟ್ಟರಾಯಿತು, ಉಳಿದದ್ದನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಲೆಕ್ಕ. ಆದರೆ ಕಾನೂನು ಬೆಳೆದುಬಂದ ಬಗೆಯನ್ನು ನೋಡಿದರೆ ಈ ಕ್ರಮವೇ ತಲೆಕೆಳಗು. ಕಟ್ಟಡದ ಹಣೆಬರಹ ಅದರ ಕೆಳಗಿನ ಸರ್ವೆ ನಂಬರಿನಲ್ಲಿ ಮೊದಲೇ ಬರೆದಿರುತ್ತದೆ.

ಮೈಸೂರು ಸಂಸ್ಥಾನದಲ್ಲಿ ಯೋಜನೆಯೆಂದರೆ ನಗರದ ವಿಷಯ. 1903ರಲ್ಲಿ ಮೈಸೂರಿಗೆ ಬಂದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಅದಕ್ಕೆ ಸಾಕ್ಷಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹೆಸರಿನಲ್ಲೇ ಹಳ್ಳಿಯನ್ನೂ ಒಳಗೆ ತಂದಿತು. ಜಾಗ ಯಾವುದಾದರೂ ಯೋಜನಾ ಪ್ರದೇಶದೊಳಗೆ ಬಂದರೆ ಅಲ್ಲಿನ ಮಹಾಯೋಜನೆ ಗುರುತಿಸಿದ ವಲಯವನ್ನು ಮೀರಿ ಕಟ್ಟುವಂತಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ವ್ಯವಸಾಯದ ಜಮೀನಿಗೆ ಭೂಪರಿವರ್ತನೆಯನ್ನು ಕಡ್ಡಾಯ ಮಾಡಿತು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು ಕಟ್ಟಡದ ಪರವಾನಗಿಯನ್ನು ಗ್ರಾಮ ಪಂಚಾಯಿತಿಯ ಕೈಗೆ ಕೊಟ್ಟಿತು. 2013ರ ಸುಮಾರಿಗೆ ಬಂದ ಇ-ಸ್ವತ್ತು, ಪಂಚಾಯಿತಿಯ ಸ್ವತ್ತು ದಾಖಲೆಗಳಾದ ನಮೂನೆ 9 ಮತ್ತು 11ನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮಠಾಣದ ಸ್ವತ್ತು ಯಾವುದು, ಅದರಾಚೆಯದು ಯಾವುದು ಎಂಬ ಗೆರೆ ಆಗ ನಿಚ್ಚಳವಾಯಿತು. ಒಂದೊಂದು ಕಾಯ್ದೆಗೂ ಒಂದೊಂದು ಇಲಾಖೆ. ಇವೆಲ್ಲ ಒಟ್ಟಿಗೆ ಸೇರುವುದು ಅರ್ಜಿದಾರನ ನಿವೇಶನದ ಮೇಲೆ ಮಾತ್ರ.

ರಕ್ಷಣೆಯ ಕಾನೂನುಗಳ ಕಥೆ ಇನ್ನೂ ಬಿಗಿ. ಕೇಂದ್ರದ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ ಎಂದು 1992ರ ಅಧಿಸೂಚನೆ ಹೇಳಿತು. 2010ರ ತಿದ್ದುಪಡಿ ಅದನ್ನು ಸ್ಮಾರಕಗಳ ಕಾಯ್ದೆಯೊಳಗೇ ಸೇರಿಸಿತು. ಕೋಲಾರಮ್ಮನ ಗುಡಿಯ ಬಳಿಯವರಿಗೂ ಮುಳಬಾಗಿಲು ತಾಲ್ಲೂಕಿನ ಆವಣಿಯವರಿಗೂ ಪಂಚಾಯಿತಿ ಅಥವಾ ನಗರಸಭೆಯ ಒಪ್ಪಿಗೆಯೊಂದೇ ಸಾಲದು. ಕೆರೆಯ ಮಾತಂತೂ ಈ ಬಯಲುಸೀಮೆಯಲ್ಲಿ ಪ್ರತಿ ಊರಿಗೂ ಅನ್ವಯ. 2014ರ ಕೆರೆ ಸಂರಕ್ಷಣಾ ಕಾಯ್ದೆ ನೀರಿರಲಿ ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಕೆರೆ, ಕುಂಟೆ, ಕಟ್ಟೆ ಎಂದಿದ್ದರೆ ಅದನ್ನು ಕೆರೆಯೆಂದೇ ಎಣಿಸಿತು. ರಾಜಕಾಲುವೆ, ಏರಿ, ತೂಬುಗಳನ್ನೂ ಸೇರಿಸಿತು. ಇದು ಅತಿಯಾಯಿತು, ದಶಕಗಳಿಂದ ಜಾಲಿ ಬೆಳೆದ ಅಂಗಳ ಎಂಥ ಕೆರೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಕೋಲಾರದಲ್ಲೇ ಸಿಕ್ಕಿತು. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿತ ತ್ಯಾಜ್ಯನೀರು ಹರಿದು ಬಂದಾಗ ಲಕ್ಷ್ಮೀಸಾಗರದಿಂದ ಮೊದಲ್ಗೊಂಡು ಬತ್ತಿದ್ದ ಕೆರೆಗಳು ಒಂದೊಂದಾಗಿ ತುಂಬಿದವು. ನೀರಿನ ಗುಣಮಟ್ಟದ ತಕರಾರು ಬೇರೆ ಮಾತು. ದಾಖಲೆಯ ಕೆರೆ ಮತ್ತೆ ನೆಲದ ಕೆರೆಯಾಗಬಲ್ಲದು ಎಂಬುದಂತೂ ರುಜುವಾತಾಯಿತು. ಆದ್ದರಿಂದ ಪಹಣಿಯೊಂದನ್ನೇ ನಂಬದೆ ಗ್ರಾಮನಕ್ಷೆ, ಆಕಾರಬಂದು, ಟಿಪ್ಪಣಿ ತೆಗೆಸಿ ಸಾರ್ವಜನಿಕ ಬಳಕೆಗೆ ಬಿಟ್ಟ ಬಿ ಖರಾಬು ಎಲ್ಲಿ ಹಾದಿದೆಯೆಂದು ನೋಡಬೇಕು, ಬೇಕಿದ್ದರೆ ಹದ್ದುಬಸ್ತು ಮಾಡಿಸಬೇಕು. ಮೊಬೈಲಿನಲ್ಲಿ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಸುಳಿವು ಕೊಡುತ್ತದೆ, ಅಳತೆಗೆ ಬದಲಿಯಾಗದು.

ಇಷ್ಟೆಲ್ಲ ಬಡವನಿಂದ ಆಗುವ ಕೆಲಸವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಕಷ್ಟ ರಕ್ಷಣೆಯಿಂದ ಬಂದದ್ದಕ್ಕಿಂತ ಇಲಾಖೆಗಳ ಚದುರಿಕೆಯಿಂದ ಬಂದದ್ದೇ ಹೆಚ್ಚು. ತಡವಾಗಿ ತಿಳಿದರೆ ನಷ್ಟವೂ ಬಡವನಿಗೇ ಭಾರ: ಪರವಾನಗಿಯ ಷರತ್ತು ಮೀರಿದ ಕಟ್ಟಡಗಳಿಗೆ ವಿದ್ಯುತ್, ನೀರು, ಬ್ಯಾಂಕ್ ಸಾಲದ ಬಾಗಿಲು ಮುಚ್ಚುವಂಥ ನಿರ್ದೇಶನಗಳನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಕೊಟ್ಟಿದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಶಿವಾರಪಟ್ಟಣದ್ದೇ. ಶಿಲ್ಪಿಗಳ ಈ ಊರಿನಲ್ಲಿ ವಾಸ, ಕಸುಬು ಎರಡೂ ಅಕ್ಕಪಕ್ಕ. ವಲಯ ನಿಯಮಗಳಾದರೋ ಮನೆ ಬೇರೆ, ಕೈಗಾರಿಕೆ ಬೇರೆ ಎಂಬ ನಗರದ ಕಣ್ಣಿನಿಂದ ಹುಟ್ಟಿದವು. ವಾಸದ ವಲಯದಲ್ಲಿ ಸಣ್ಣ ಗೃಹಕೈಗಾರಿಕೆಗೆ ಎಡೆ ಇದೆ ನಿಜ, ಆದರೆ ಉಳಿ-ಸುತ್ತಿಗೆಯ ಜಾಗಕ್ಕೆ ಕಟಿಂಗ್ ಯಂತ್ರ ಬಂದಾಗ ಪ್ರಶ್ನೆ ಕುದುರೆಶಕ್ತಿಗೆ, ಕಲ್ಲುಧೂಳಿಗೆ ತಿರುಗುತ್ತದೆ. ಧೂಳು ಕೆತ್ತುವವನ ಶ್ವಾಸಕೋಶಕ್ಕೂ ಅಪಾಯ. ಹಾಗಾಗಿ ವಿನಾಯಿತಿ ಸಾಲದು, ಕೆತ್ತನೆಯ ಕೊಟ್ಟಿಗೆಗಳಿಗೆ ಊರಂಚಿನಲ್ಲಿ ಗುರುತಿಸಿದ ಜಾಗ ಬೇಕು. ಅದನ್ನು ಒಬ್ಬೊಬ್ಬರ ಅರ್ಜಿ ಕೇಳಲಾರದು. ಮಹಾಯೋಜನೆಯ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗ ಗ್ರಾಮಸಭೆಯೇ ನಿರ್ಣಯ ಮಾಡಿ ಕೇಳಬೇಕು.